ಇಂಡಿಕಾ ಗೇಮ್: ಪಾಯಿಂಟ್ ಸಿಗತ್ತೆ, ಪ್ರಯೋಜನ ಇಲ್ಲ

ಇಂಡಿಕಾ ಅನ್ನೋ ವಿಡಿಯೋ ಗೇಮ್ ಆಡಿ ಮುಗಿಸ್ದೆ, 2024ರಲ್ಲಿ ಬಂದಿದ್ದು, ಆಡ್ ಮೀಟರ್ ಅನ್ನೋ ಸ್ಟುಡಿಯೋದು, ನಾಲ್ಕೈದು ಗಂಟೇಲಿ ಮುಗ್ದೋಗತ್ತೆ. 19ನೇ ಶತಮಾನದ ರಷ್ಯಾ ಥರದ ಜಾಗ, ಇಂಡಿಕಾ ಅಂತ ಒಬ್ಳು ಕ್ರೈಸ್ತ ಸನ್ಯಾಸಿನಿ, ಅವಳ ತಲೇಲಿ ಸೈತಾನ ಕೂತ್ಕೊಂಡು ಭಾರಿ ಮರ್ಯಾದೆಯಿಂದ ಮಾತಾಡ್ತಾ ಇರ್ತಾನೆ.

ಶುರುಲೇ ಬಾವಿಯಿಂದ ನೀರು ಸೇದಿ ತುಂಬ್ಸೋ ಕೆಲ್ಸ, ಹೋಗು ಬಾ ಹೋಗು ಬಾ, ಎಲ್ಲಾ ತುಂಬಿದ್ಮೇಲೆ ಇನ್ನೊಬ್ಳು ಸನ್ಯಾಸಿನಿ ಬಂದು ಅಷ್ಟೂ ನೀರನ್ನ ಕಣ್ಣೆದುರೇ ನೆಲಕ್ಕೆ ಸುರಿದುಬಿಡ್ತಾಳೆ. ತುಮಕೂರಲ್ಲಿ ಬೇಸಿಗೇಲಿ ಟ್ಯಾಂಕರ್‌ಗೆ ಕಾದೋರಿಗೆ ಹೊಟ್ಟೆ ಉರಿಯತ್ತೆ ಬಿಡಿ. ದೀಪ ಹಚ್ಚಿದ್ರೆ ಪಾಯಿಂಟ್ ಬರತ್ತೆ, ಆದ್ರೆ ಲೋಡಿಂಗ್ ಸ್ಕ್ರೀನಲ್ಲೇ ಇದ್ರಿಂದ ಏನೂ ಉಪ್ಯೋಗ ಇಲ್ಲ ಅಂತ ಹೇಳ್ತಾರೆ, ಆದ್ರೂ ನಾವು ಮೂಲೆ ಮೂಲೆ ಹುಡುಕ್ತೀವಿ! ಪುಣ್ಯದ ಲೆಕ್ಕ ಇಡೋರನ್ನ ಇಷ್ಟು ಚೆನ್ನಾಗಿ ಕಿಚಾಯಿಸಿದ್ದು ನಾನ್ ಬೇರೆಲ್ಲೂ ನೋಡಿಲ್ಲ.

ಪಜಲ್‌ಗಳಲ್ಲಿ ಒಂದೇ ಸೂಪರ್. ಸೈತಾನ ಮಾತಾಡಿದಾಗ ಪ್ರಪಂಚ ಸೀಳಿಹೋಗತ್ತೆ, ಬಟನ್ ಒತ್ತಿ ಹಿಡಿದು ಪ್ರಾರ್ಥನೆ ಮಾಡಿದ್ರೆ ಕೂಡ್ಕೊಳತ್ತೆ, ಆದ್ರೆ ದಾಟಕ್ಕೆ ಎರಡೂ ಬೇಕು, ಬರೀ ಪ್ರಾರ್ಥನೆಗೆ ದಾರಿ ಸಿಗಲ್ಲ. ಉಳಿದಿದ್ದು ತಳ್ಳೋದು ಎಳೆಯೋದು, ಸ್ವಲ್ಪ ಬೋರು.

ಜೊತೆಗೆ ಇಲ್ಯಾ ಅಂತ ತಪ್ಪಿಸ್ಕೊಂಡ ಕೈದಿ, ಕೈ ಕೊಳೀತಿದೆ, ದೇವ್ರು ತನ್ ಜೊತೆ ಮಾತಾಡ್ತಾನೆ ಅಂತಾನೆ. ಪಕ್ಕ ಕೂತು ನೋಡ್ತಿದ್ದ ಸಿದ್ಧಗಂಗೆ ಕಡೆ ದೋಸ್ತ್ ಕೇಳ್ದ, "ಲೇ, ಇವನಿಗ್ ಕೇಳ್ಸಿದ್ರೆ ದೇವ್ರು, ಅವಳಿಗ್ ಕೇಳ್ಸಿದ್ರೆ ಸೈತಾನನಾ?" ಗೇಮ್ ಕೇಳ್ತಿರೋದೂ ಅದನ್ನೇ.

ಕೊನೇ ಕಡೆ ಲೈಂಗಿಕ ಹಿಂಸೆ ಸೂಚಿಸೋ ಜಾಗ ಇದೆ, ಮಕ್ಕಳ ಕೈಗೆ ಕೊಡ್ಬೇಡಿ. ಗ್ರಾಫಿಕ್ಸ್ ಕಾರ್ಡ್ ಇಲ್ದಿರೋ ಲ್ಯಾಪ್‌ಟಾಪಲ್ಲಿ ಓಡಲ್ಲ. ಇಷ್ಟು ಚಿಕ್ಕ ಗೇಮಿಗೆ ಪೂರ್ತಿ ರೇಟ್ ಜಾಸ್ತಿ ಅನ್ಸತ್ತೆ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಸೇಲ್ ಬಂದಾಗ ತಗೊಳ್ಳಿ.