ಮೂರು ಸಾಲಿನಲ್ಲಿ ಸಮಾಜವಾದ: ಒಂದು ಕಾರ್ಡು ಕಟ್ಟಿನ ವಿಮರ್ಶೆ

ರಾಜಕೀಯ ಮತ್ತು ಆರ್ಥಿಕ ಸಿದ್ಧಾಂತಗಳನ್ನು ಸರಳವಾಗಿ ಪರಿಚಯಿಸುವ ಕಾರ್ಡುಗಳ ಕಟ್ಟೊಂದನ್ನು ಕಾಲೇಜು ಮೆಟ್ಟಿಲು ಹತ್ತಲಿರುವ ಮಗಳಿಗೆಂದು ತರಿಸಿ, ಅವಳಿಗಿಂತ ಮೊದಲು ನಾನೇ ಓದಿ ಮುಗಿಸಿದೆ. ಪ್ರತಿ ಕಾರ್ಡಿನ ಒಂದು ಬದಿಯಲ್ಲಿ ಸಿದ್ಧಾಂತದ ಹೆಸರಿದೆ. ಇನ್ನೊಂದು ಬದಿಯಲ್ಲಿ ಮೂರು ಸಾಲಿನ ವಿವರಣೆ, ಅದರ ಕೆಳಗೆ ‘ಒಡೆತನ ಯಾರದು?’, ‘ತೀರ್ಮಾನ ಯಾರದು?’ ಎಂಬ ಎರಡು ಪ್ರಶ್ನೆಗಳು ಮತ್ತು ಅವುಗಳ ಉತ್ತರ. ಇಡೀ ಕಟ್ಟಿನ ಜೀವ ಈ ಎರಡು ಪ್ರಶ್ನೆಗಳಲ್ಲಿದೆ. ಅದು ಮುಗ್ಗರಿಸುವುದೂ ಇವೆರಡರಿಂದ ಅಳೆಯಲಾಗದ ಸಿದ್ಧಾಂತಗಳ ಮುಂದೆಯೇ.

ಬಂಡವಾಳಶಾಹಿಯ ಕಾರ್ಡು ಚೆನ್ನಾಗಿದೆ. ಲಾಭವೆಂದರೆ ದುರಾಸೆ ಎಂದು ಷರಾ ಬರೆದು ಕೈತೊಳೆದುಕೊಳ್ಳದೆ, ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ವರ್ಣಿಸಿದ ಗುಂಡುಸೂಜಿ ಕಾರ್ಖಾನೆಯಿಂದ ಅದು ಮಾತು ಆರಂಭಿಸುತ್ತದೆ. ಕಸುಬು ಗೊತ್ತಿಲ್ಲದವನೊಬ್ಬ ಒಂಟಿಯಾಗಿ ಕುಳಿತರೆ ದಿನಕ್ಕೆ ಇಪ್ಪತ್ತು ಸೂಜಿ ಮಾಡುವುದೂ ಕಷ್ಟ; ಆದರೆ ಒಬ್ಬ ತಂತಿ ಎಳೆದು, ಇನ್ನೊಬ್ಬ ಅದನ್ನು ನೇರ ಮಾಡಿ, ಮತ್ತೊಬ್ಬ ಕತ್ತರಿಸಿ, ಹೀಗೆ ಕೆಲಸ ಹಂಚಿಕೊಂಡ ಹತ್ತು ಜನ ದಿನವೊಂದಕ್ಕೆ 48,000ಕ್ಕೂ ಹೆಚ್ಚು ಸೂಜಿ ಮಾಡಬಲ್ಲರು. ಅಷ್ಟೂ ಸೂಜಿಗಳು ಯಾರ ಸ್ವತ್ತು, ಕೂಲಿ ಎಷ್ಟೆಂದು ನಿಗದಿ ಮಾಡುವವರು ಯಾರು ಎಂಬ ಪ್ರಶ್ನೆ ಅಲ್ಲಿಂದ ತಾನಾಗಿಯೇ ಹುಟ್ಟಿ, ಓದುಗರನ್ನು ಮುಂದಿನ ಕಾರ್ಡಿಗೆ, ಅಂದರೆ ಸಮಾಜವಾದಕ್ಕೆ, ಕರೆತರುತ್ತದೆ. ಉತ್ಪಾದನಾ ಸಾಧನಗಳು ಒಬ್ಬಿಬ್ಬರ ಸ್ವತ್ತಾಗದೆ ಇಡೀ ಸಮಾಜದ್ದಾಗಿರಬೇಕು ಎಂಬ ವಾದವದು.

‘ಹಾಗಾದರೆ ನನ್ನ ಸೈಕಲ್ಲನ್ನೂ ಕಿತ್ತುಕೊಳ್ಳುತ್ತಾರಾ ಅಪ್ಪಾ?’ ಎಂದು ಮಗಳು ಕೇಳಿದಳು. ಸೈಕಲ್ಲು ನಿನ್ನದೇ, ಚರ್ಚೆ ಇರುವುದು ಸೈಕಲ್ಲು ತಯಾರಿಸುವ ಕಾರ್ಖಾನೆಯ ಬಗ್ಗೆ ಎಂಬರ್ಥದ ಸಾಲು ಕಾರ್ಡಿನಲ್ಲಿಯೇ ಇತ್ತು. ಬಳಸುವ ವಸ್ತುವಿಗೂ ಉತ್ಪಾದನಾ ಸಾಧನಕ್ಕೂ ಇರುವ ಈ ವ್ಯತ್ಯಾಸವನ್ನು ದಪ್ಪ ಪಠ್ಯಪುಸ್ತಕಗಳೂ ಇಷ್ಟು ಹಗುರವಾಗಿ ದಾಟಿಸುವುದಿಲ್ಲ. ಆದರೆ ‘ಒಡೆತನ ಯಾರದು?’ ಎಂಬುದಕ್ಕೆ ‘ಸರ್ಕಾರದ್ದು’ ಎಂದಷ್ಟೇ ಉತ್ತರಿಸಿ, ಕೆಲಸಗಾರರೇ ಸೇರಿ ನಡೆಸುವ ಸಹಕಾರ ಸಂಘಗಳನ್ನು ಪೂರ್ತಿ ಮರೆತಿರುವುದು ಸಣ್ಣ ಲೋಪವಲ್ಲ. ಕಮ್ಯುನಿಸಂ ಕಾರ್ಡಿನಲ್ಲಿಯೂ ಅದೇ ಉತ್ತರ ಮರುಕಳಿಸಿದೆ. ಆದರೆ ಆ ಸಿದ್ಧಾಂತವನ್ನು ರೂಪಿಸಿದ ಮಾರ್ಕ್ಸ್ ಮತ್ತು ಎಂಗೆಲ್ಸ್ ಕಲ್ಪಿಸಿದ ಕೊನೆಯ ಹಂತದಲ್ಲಿ ವರ್ಗಗಳ ಜೊತೆಗೆ ಪ್ರಭುತ್ವವೂ ಇಲ್ಲವಾಗಬೇಕಿತ್ತು. ಆ ಹಂತ ಇನ್ನೂ ಬಂದಿಲ್ಲವೆಂಬಂತೆ, ಕಮ್ಯುನಿಸ್ಟ್ ಪಕ್ಷವೇ ಆಳಿದ ಸೋವಿಯತ್ ಒಕ್ಕೂಟ ಕೂಡ 1991ರಲ್ಲಿ ಕುಸಿಯುವವರೆಗೂ ತನ್ನ ಹೆಸರಿನಲ್ಲಿ ಇಟ್ಟುಕೊಂಡದ್ದು ‘ಸಮಾಜವಾದಿ’ ಎಂಬ ಪದವನ್ನೇ.

ಇನ್ನೂ ಹೆಚ್ಚು ಕಸಿವಿಸಿ ತಂದದ್ದು, ಸರ್ಕಾರ ಜನರಿಗೆ ವಿಮೆ, ಪಿಂಚಣಿ ಕೊಟ್ಟರೆ ಅದು ಸಮಾಜವಾದದತ್ತ ಇಟ್ಟ ಹೆಜ್ಜೆ ಎನ್ನುವ ಒಂದು ಸಾಲು. ಜರ್ಮನಿಯಲ್ಲಿ ಕಾರ್ಮಿಕರಿಗೆ 1883ರಲ್ಲಿ ಆರೋಗ್ಯ ವಿಮೆಯ ಕಾಯ್ದೆ ತಂದ ಚಾನ್ಸಲರ್ ಬಿಸ್ಮಾರ್ಕ್ ಪಕ್ಕಾ ಸಂಪ್ರದಾಯವಾದಿ. ಅದಕ್ಕೆ ಐದು ವರ್ಷ ಮೊದಲು ಸಮಾಜವಾದಿಗಳ ಸಭೆ ಮತ್ತು ಪತ್ರಿಕೆಗಳನ್ನು ಹತ್ತಿಕ್ಕುವ ಕಾನೂನು ಮಾಡಿದವನೂ ಅವನೇ. ಕಾರ್ಮಿಕರು ಆ ಕಡೆ ವಾಲದಿರಲಿ ಎಂಬುದು ವಿಮೆಯ ಹಿಂದಿದ್ದ ಒಂದು ಲೆಕ್ಕಾಚಾರ. ಸ್ವೀಡನ್ನಿನಂಥ ದೇಶದಲ್ಲಿಯೂ ತೆರಿಗೆ ಹೆಚ್ಚು, ಸವಲತ್ತು ಹೆಚ್ಚು. ಆದರೆ ಬಹುಪಾಲು ಉದ್ದಿಮೆಗಳು ಖಾಸಗಿಯವರ ಕೈಯಲ್ಲಿಯೇ ಇವೆ. ತಮ್ಮದೇ ಮೊದಲ ಪ್ರಶ್ನೆಯನ್ನು ಇಲ್ಲಿ ಕೇಳಿಕೊಂಡಿದ್ದರೆ ಕಾರ್ಡು ಬರೆದವರು ಎಡವುತ್ತಿರಲಿಲ್ಲ.

ಕಟ್ಟಿನೊಳಗೆ ಮಡಚಿಟ್ಟ ನಕ್ಷೆಯನ್ನು ಬಿಡಿಸದಿರುವುದೇ ಲೇಸು. ಎಡದಿಂದ ಬಲಕ್ಕೆ ಎಳೆದ ಒಂದೇ ಗೆರೆಯ ಮೇಲೆ ಎಲ್ಲ ಸಿದ್ಧಾಂತಗಳನ್ನೂ ಕೂರಿಸಿದ್ದಾರೆ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ದೊರೆಯ ಪರವಿದ್ದವರು ಅಧ್ಯಕ್ಷರ ಬಲಕ್ಕೂ ವಿರೋಧಿಗಳು ಎಡಕ್ಕೂ ಕುಳಿತಿದ್ದರಿಂದ ಬಂದ ಮಾತುಗಳು ಈ ‘ಎಡ’, ‘ಬಲ’. ಮೂಲತಃ ಆಸನ ವ್ಯವಸ್ಥೆ, ಅಳತೆಗೋಲಲ್ಲ. ಪ್ರಭುತ್ವವೇ ಬೇಡವೆನ್ನುವ ಅರಾಜಕತಾವಾದ ಮತ್ತು ಸೋವಿಯತ್ ಒಕ್ಕೂಟದಲ್ಲಿ ಎಲ್ಲವನ್ನೂ ಪ್ರಭುತ್ವದ ಹಿಡಿತಕ್ಕೆ ತಂದ ಸ್ಟಾಲಿನ್ ಆಡಳಿತ, ಎರಡೂ ಈ ಗೆರೆಯ ಎಡತುದಿಯಲ್ಲಿ ಅಕ್ಕಪಕ್ಕ ಕುಳಿತಿವೆ!

ಉದಾರವಾದದ ಕಾರ್ಡಿನಲ್ಲಿ ತಪ್ಪೇನಿಲ್ಲ. ಫ್ಯಾಸಿಸಂ ಕಾರ್ಡು ಮಾತ್ರ ‘ಒಡೆತನ ಖಾಸಗಿ, ತೀರ್ಮಾನ ಸರ್ಕಾರದ್ದು’ ಎಂದು ಮುಗಿಸಿಬಿಡುತ್ತದೆ. ಇಟಲಿಯಲ್ಲಿ 1922ರಲ್ಲಿ ಅಧಿಕಾರ ಹಿಡಿದ ಫ್ಯಾಸಿಸ್ಟ್ ನಾಯಕ ಮುಸೊಲಿನಿ ಕಾರ್ಖಾನೆಗಳನ್ನು ಬಹುಮಟ್ಟಿಗೆ ಮಾಲೀಕರ ಕೈಯಲ್ಲೇ ಬಿಟ್ಟು, ಮುಷ್ಕರವನ್ನು ನಿಷೇಧಿಸಿದ್ದು ನಿಜ. ಆದರೆ ನಾಯಕಪೂಜೆ, ರಾಷ್ಟ್ರದ ಉನ್ಮಾದ, ಬೀದಿಯ ಹಿಂಸೆ ಇವನ್ನೆಲ್ಲ ಬಿಟ್ಟು ಫ್ಯಾಸಿಸಂ ಅನ್ನು ಒಂದು ಆರ್ಥಿಕ ಏರ್ಪಾಡಿನಂತೆ ತೋರಿಸುವುದು ಸರಳೀಕರಣವಲ್ಲ, ಮರೆಮಾಚುವಿಕೆ.

ಇಷ್ಟಾದರೂ ಕಟ್ಟನ್ನು ಹಿಂತಿರುಗಿಸಲು ಮನಸ್ಸಾಗಲಿಲ್ಲ. ಜೊತೆಗೆ ಕುಳಿತು ತಕರಾರು ತೆಗೆಯುವವರು ಒಬ್ಬರಿದ್ದರೆ ಇದು ಒಳ್ಳೆಯ ಸಾಮಗ್ರಿ. ಒಬ್ಬರೇ ಓದಿಕೊಳ್ಳುವವರಿಗೆ ನಾನು ಶಿಫಾರಸು ಮಾಡಲಾರೆ. ಮಗಳು ಫ್ಯಾಸಿಸಂ ಕಾರ್ಡಿನ ಅಡಿಯಲ್ಲಿ ‘ಎದುರು ಮಾತಾಡಿದವರ ಗತಿ ಏನು?’ ಎಂಬ ಮೂರನೆಯ ಪ್ರಶ್ನೆ ಸೇರಿಸಿ, ಈಗ ಅದನ್ನೇ ಉಳಿದ ಕಾರ್ಡುಗಳಿಗೂ ಕೇಳುತ್ತಿದ್ದಾಳೆ. ಕಾರ್ಡಿನ ಮೈ ವಿಪರೀತ ನುಣುಪಾಗಿದ್ದು ಪೆನ್ನಿನ ಶಾಯಿ ಹಿಡಿಯದ ಕಾರಣ, ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕಾಯಿತು.