ಪೆಟ್ರೋಲಾ, ಡೀಸೆಲ್ಲಾ? ಕೆಂಪು ಗೆರೆ ನೋಡಿ ನಾನು ಆರಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೆಟ್ರೋಲಿಗೆ. ನಾಲ್ಕು ವರ್ಷ ಸೆಕೆಂಡ್ ಹ್ಯಾಂಡ್ ಡೀಸೆಲ್ ಓಡಿಸಿದೆ, ಈಗ ಒಂದೂವರೆ ವರ್ಷದಿಂದ ಪೆಟ್ರೋಲ್. ಎರಡೂ ಸಣ್ಣ ಕಾರು, ಎರಡಕ್ಕೂ ಕೈಯಲ್ಲೇ ಗೇರ್ ಹಾಕಬೇಕು. ಡಿಕ್ಕಿ ಎಷ್ಟು ದೊಡ್ಡದು, ಏಸಿ ಹೇಗೆ ಅನ್ನೋದೆಲ್ಲ ಬೇರೆ ಕಡೆ ಸಿಗುತ್ತದೆ, ಬಿಡಿ. ನನಗೆ ಪಾಠ ಕಲಿಸಿದ್ದು ಆರ್‌ಪಿಎಂ ಮೀಟರಿನ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವುದು) ಕೆಂಪು ಗೆರೆ, ಅಂದರೆ ಎಂಜಿನ್ ದಾಟಬಾರದ ಮಿತಿ. ಡೀಸೆಲ್‌ನಲ್ಲಿ ಅದು 5,000ದ ಹತ್ತಿರವೇ ಶುರು, ಪೆಟ್ರೋಲ್‌ನಲ್ಲಿ 6,000 ದಾಟಿದ ಮೇಲೆ.

ಪಡುಬಿದ್ರಿ ಹತ್ತಿರ ಹೈವೇಯಲ್ಲಿ ಒಂದು ಸಂಜೆ ಡೀಸೆಲ್ ಕಾರಲ್ಲಿ ಬರ್ತಾ ಇದ್ದೆ. ಮಳೆ ಇತ್ತು, 90ರ ಸುಮಾರಿಗೆ ಐದನೇ ಗೇರ್. ಎದುರಿನ ಲಾರಿ ದಾಟಬೇಕು ಅಂತ ನಾಲ್ಕಕ್ಕೆ ಎಳೆದೆ, ಕೈ ಜಾಸ್ತಿ ಎಡಕ್ಕೆ ಹೋಗಿ ಎರಡಕ್ಕೆ ಬಿತ್ತು. ಗೊತ್ತಾಗದೆ ಕ್ಲಚ್ ಬಿಟ್ಟೆ. ಕಾರು ಮುಗ್ಗರಿಸಿದ ಹಾಗಾಯಿತು, ಮುಳ್ಳು ಕೆಂಪು ದಾಟಿ ಹಾರಿತು. ಮತ್ತೆ ಕ್ಲಚ್ ಒತ್ತುವಷ್ಟರಲ್ಲಿ ಒಳಗಿಂದ ಟಕ ಟಕ ಸದ್ದು.

ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಇದೆಯಲ್ಲ, ಅದು ಕಾಪಾಡುತ್ತದೆ ಅಂತ ನಾನೂ ನಂಬಿದ್ದೆ. ಅದು ಮಾಡೋದು ಇಷ್ಟೇ, ಇಂಧನ ಕಟ್ ಮಾಡುತ್ತದೆ. ಇಲ್ಲಿ ಎಂಜಿನ್ ತಿರುಗಿಸುತ್ತಿದ್ದುದು ಡೀಸೆಲ್ ಅಲ್ಲ, ರಸ್ತೆ ಮೇಲೆ ಉರುಳುತ್ತಿದ್ದ ಚಕ್ರಗಳು. ಇಂಧನ ನಿಂತರೆ ಚಕ್ರ ನಿಲ್ಲುತ್ತದಾ? ಈ ವಿಷಯದಲ್ಲಿ ಪೆಟ್ರೋಲ್ ಕಾರೂ ಅಷ್ಟೇ, ಲಿಮಿಟರ್ ಉಳಿಸುವುದಿಲ್ಲ.

ಕಟಪಾಡಿಯ ಗ್ಯಾರೇಜಿನಲ್ಲಿ ಮೇಲಿನ ಕವರ್ ಬಿಚ್ಚಿದರು. ಎರಡು ರಾಕರ್ (ವಾಲ್ವ್ ಅನ್ನೋ ಗಾಳಿ-ಹೊಗೆಯ ಬಾಗಿಲನ್ನು ಒತ್ತಿ ತೆರೆಯುವ ಸಣ್ಣ ತೋಳು) ಜಾಗ ಬಿಟ್ಟು ಬಿದ್ದಿದ್ದವು, ಒಂದು ತುಂಡಾಗಿತ್ತು. ಮೆಕ್ಯಾನಿಕ್ ಆ ತುಂಡನ್ನು ಎಣ್ಣೆ ಸಮೇತ ನನ್ನ ಅಂಗೈಗಿಟ್ಟು "ಸ್ಪ್ರಿಂಗಿಗೆ ಪುರುಸೊತ್ತೇ ಸಿಗ್ಲಿಲ್ಲ ಅಣ್ಣಾ" ಅಂದರು. ಕಿರುಬೆರಳಿಗಿಂತ ಚಿಕ್ಕ ಸಾಮಾನು. ವಾಲ್ವ್ ತೆರೆಸುವುದು ಕ್ಯಾಮ್, ಮುಚ್ಚಿಸುವುದು ಸ್ಪ್ರಿಂಗ್. ಎಂಜಿನ್ ವೇಗ ಮಿತಿ ಮೀರಿದರೆ ಸ್ಪ್ರಿಂಗ್ ವಾಲ್ವನ್ನು ಹಿಂದಕ್ಕೆ ತರುವ ಮೊದಲೇ ಕ್ಯಾಮ್ ಮುಂದಕ್ಕೆ ಹೋಗಿರುತ್ತದೆ, ನಡುವೆ ಸಂದು ಬಿದ್ದು ರಾಕರ್ ಜಾರುತ್ತದೆ. ವಾಲ್ವ್ ಹೋಗಿ ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್‌ಗೆ ಬಡಿದು ಬಗ್ಗಿದ್ದರೆ ಖರ್ಚು ನನ್ನ ಕೈಮೀರಿ ಹೋಗುತ್ತಿತ್ತು.

ಎಂಜಿನ್ನಿನ ಕೆಳಭಾಗದಲ್ಲಿ ಇನ್ನೊಂದು ಮಿತಿ. ಪಿಸ್ಟನ್ ಪ್ರತಿ ಸುತ್ತಿಗೂ ಮೇಲೊಮ್ಮೆ, ಕೆಳಗೊಮ್ಮೆ ನಿಂತು ತಿರುಗಬೇಕು. ಆಗ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಜಗ್ಗಾಟ ಆರ್‌ಪಿಎಂ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. ನನ್ನ ಡೀಸೆಲ್‌ನ ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ) 82 ಮಿ.ಮೀ., ಪೆಟ್ರೋಲ್‌ನದು 71.5. ಲೆಕ್ಕ ಹಾಕಿದೆ: 5,000ದಲ್ಲಿ ಡೀಸೆಲ್ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 13.7 ಮೀಟರ್, 6,000ದಲ್ಲಿ ಪೆಟ್ರೋಲ್‌ನದು 14.3. ಹೆಚ್ಚುಕಡಿಮೆ ಒಂದೇ! ಹೋಂಡಾದ ಸ್ಪೋರ್ಟ್ಸ್ ಕಾರು ಎಸ್2000 ಅಂತೂ 84 ಮಿ.ಮೀ. ಸ್ಟ್ರೋಕ್ ಇಟ್ಟುಕೊಂಡು 9,000ದವರೆಗೆ ತಿರುಗುತ್ತಿತ್ತು, ಅಂದರೆ 25 ಮೀಟರ್. ಹಾಗಾಗಿ ಸ್ಟ್ರೋಕ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಡೀಸೆಲ್‌ನಲ್ಲಿ ಒತ್ತಡ ಜಾಸ್ತಿ, ಅದಕ್ಕೆ ಪಿಸ್ಟನ್, ರಾಡ್ ಎಲ್ಲ ದಪ್ಪ, ಭಾರ. ಮೇಲಾಗಿ ಡೀಸೆಲ್ ಕೊನೆ ಗಳಿಗೆಯಲ್ಲಿ ಒಳಗೆ ಚಿಮ್ಮಿ, ಗಾಳಿಯೊಂದಿಗೆ ಬೆರೆತು ಉರಿಯಬೇಕು. ಅದಕ್ಕೆ ಸಮಯ ಬೇಕು. 4,000 ದಾಟಿದ ಮೇಲೆ ಸದ್ದು ಏರುತ್ತದೆ, ಶಕ್ತಿ ಏರುವುದಿಲ್ಲ.

ಘಾಟಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಸೋಮೇಶ್ವರ ದಾಟಿ ಆಗುಂಬೆ ಹತ್ತುವಾಗ 14 ಹೇರ್‌ಪಿನ್ ತಿರುವು ಉಂಟು. ಡೀಸೆಲ್‌ನಲ್ಲಿ ತಿರುವಿಗೆ ಬಂದಾಗ ಎರಡನೇ ಗೇರಿನಲ್ಲಿ ಮುಳ್ಳು 1,500ಕ್ಕಿಂತ ಕೆಳಗೆ ಇಳಿದು, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೋ ಸುಮ್ನೆ ಕೂತುಬಿಡುತ್ತದೆ, ಒಂದಕ್ಕೆ ಹಾಕಿದರೆ ಎರಡು ಕ್ಷಣದಲ್ಲೇ ಕೆಂಪು ಗೆರೆ. ಪೆಟ್ರೋಲ್‌ನಲ್ಲಿ ಎರಡನೇ ಗೇರನ್ನೇ ಹಿಡಿದು 5,000ದವರೆಗೆ ಹಾಯಾಗಿ ಎಳೆಯಬಹುದು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ನಿಜ.

ನನ್ನದು ಮಣಿಪಾಲ–ಉಡುಪಿ ಓಡಾಟ, ತಿಂಗಳಿಗೆ 600 ಕಿ.ಮೀ. ಅಷ್ಟಕ್ಕೆ ಡೀಸೆಲ್ ಕೊಂಡರೆ ಲಾಭವಿಲ್ಲ. ನಮ್ಮ ಭಾವ ಮಾತ್ರ ವಾರಕ್ಕೊಮ್ಮೆ ಶಿರಾಡಿ ಘಾಟಿಯಲ್ಲಿ ಬೆಂಗಳೂರಿಗೆ ಹೋಗುವವರು, ಅವರಿಗೆ ಡೀಸೆಲ್ಲೇ ಸರಿ. ಅವರ ಕಾರು ಓಡಿಸುವಾಗ ಐದರಿಂದ ನಾಲ್ಕಕ್ಕೆ ಬರಬೇಕಾದರೆ ಈಗ ಲಿವರನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಅಂಗೈ ಸಡಿಲ ಬಿಟ್ಟು ನ್ಯೂಟ್ರಲ್‌ಗೆ ತರುತ್ತೇನೆ, ಅದು ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ನೇರ ಹಿಂದಕ್ಕೆ.