‘ಎಂಜಿನ್ ಪೂರ್ತಿ ಲೀಗಲ್’ ಅಂದಿದ್ದರು, ನಾನು ನಂಬಿದ್ದೆ

ಕ್ಯಾಲಿಫೋರ್ನಿಯಾದಲ್ಲಿ ನನ್ನ ಹಾಗೆ ವಾರವಿಡೀ ಕೋಡ್ ಬರೆದು ಶನಿವಾರ ಹೆಲ್ಮೆಟ್ ಹಾಕುವ ಹುಚ್ಚಿದ್ದವರು, ಸೆಕೆಂಡ್ ಹ್ಯಾಂಡ್ ರೇಸ್ ಕಾರು ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ.

2014ರಲ್ಲಿ ನಾನು ಕೊಂಡಿದ್ದು 1.6 ಲೀಟರ್ ಎಂಜಿನ್ನಿನ ಹಳೇ ಮಾಜ್ದಾ ಮಿಯಾಟಾ, ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಹವ್ಯಾಸಿಗಳ ರೇಸ್ ನಡೆಸುವ ಎಸ್‌ಸಿಸಿಎಯ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಸ್ಪೆಕ್ ಮಿಯಾಟಾ ಕ್ಲಾಸಿಗೆ ತಯಾರಾದ ಕಾರು. ಇಲ್ಲಿ ಎಲ್ಲರ ಕಾರೂ ಹೆಚ್ಚುಕಡಿಮೆ ಒಂದೇ, ಗೆದ್ದರೆ ಡ್ರೈವರ್ ಗೆದ್ದ ಹಾಗೆ. ಮಾಡಬಹುದು ಅಂತ ರೂಲ್ ಬುಕ್ಕಿನಲ್ಲಿ ಬರೆದಿಲ್ಲವಾ? ಹಾಗಾದರೆ ಮಾಡುವ ಹಾಗಿಲ್ಲ, ಅಷ್ಟೇ.

ಮಾರಿದವರು ‘ಎಂಜಿನ್ ಫ್ರೆಶ್ ರೀಬಿಲ್ಡ್, ಪೂರ್ತಿ ಲೀಗಲ್’ ಅಂದರು, ಅಂದರೆ ರೇಸ್ ನಿಯಮದೊಳಗೇ ಇದೆ ಅಂತ. ಎಂಜಿನ್ ಪವರ್ ಅಳೆದ ಡೈನೋ ಶೀಟ್ ತೋರಿಸಿದರು. ಜಾಸ್ತಿ ನಂಬರ್ ನೋಡಿ ನಾನು ಹಿಗ್ಗಿದೆ. ಅನುಮಾನ ಬರಬೇಕಿತ್ತು, ಅಲ್ವಾ? ಮೊದಲ ರೇಸಿನಲ್ಲೇ ಸ್ಪಾರ್ಕ್ ಪ್ಲಗ್ ತೂತಿಗೆ ವಿಸ್ಲರ್ ಅನ್ನುವ ಸಾಧನ ಸಿಕ್ಕಿಸಿ, ಅದರ ಸದ್ದಿನಿಂದ ರೇಸಿನ ಇನ್‌ಸ್ಪೆಕ್ಟರ್ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಎಷ್ಟು ಒತ್ತಿಕೊಳ್ಳುತ್ತದೆ ಅನ್ನೋದು) ಅಳೆದರು. ಪಾಸ್ ಆಯಿತು. ನನ್ನ ಧೈರ್ಯ ಇನ್ನೂ ಜಾಸ್ತಿ ಆಯಿತು.

ಮೂರನೇ ರೇಸಿನಲ್ಲಿ ಮೂರನೆಯವನಾಗಿ ಬಂದೆ. ಹಿಂದೆ ಬಂದವರು ಬಾಂಡ್ ದುಡ್ಡು (ಠೇವಣಿ) ಕಟ್ಟಿ ಪ್ರೊಟೆಸ್ಟ್ ಹಾಕಿದರು, ನನ್ನ ಎಂಜಿನ್ ನಿಯಮ ಮೀರಿದೆ ಅಂತ. ಎಂಜಿನ್ ಸರಿ ಇದ್ದರೆ ಬಿಚ್ಚಿ ಜೋಡಿಸುವ ಖರ್ಚು ಅವರದ್ದು, ತಪ್ಪಿದ್ದರೆ ನಂದು. ಬಿಚ್ಚಿ ಅಂದೆ, ದೊಡ್ಡ ಮನುಷ್ಯನ ಹಾಗೆ.

ಕತ್ತಲಾಗುವ ಹೊತ್ತಿಗೆ ಸಿಲಿಂಡರ್ ಹೆಡ್, ಅಂದರೆ ವಾಲ್ವ್‌ಗಳಿರುವ ಎಂಜಿನ್ನಿನ ಮೇಲ್ಭಾಗ, ಮೇಜಿನ ಮೇಲೆ ಮಗುಚಿಕೊಂಡಿತ್ತು. ವಾಲ್ವ್ ಕೂರುವ ಉಂಗುರದ (ವಾಲ್ವ್ ಸೀಟಿನ) ಕೆಳಗೆ ಮಷೀನಿನಿಂದ ನೇರವಾಗಿ ಕೊರೆಯಲು ನಿಯಮದಲ್ಲಿ ಅವಕಾಶ ಇತ್ತು. ಅದಕ್ಕೆ ಪ್ಲಂಜ್ ಕಟ್ ಅಂತಾರೆ. ಕೊರೆದ ಜಾಗ ಮುಗಿದು ಎರಕದ ಲೋಹ ಶುರುವಾಗುವ ಕಡೆ ಒಂದು ಚೂಪು ಅಂಚು ಉಳಿಯಬೇಕು. ಅದನ್ನು ಉಜ್ಜಿದರೆ ಗಾಳಿ ಸಲೀಸಾಗಿ ನುಗ್ಗುತ್ತದೆ, ಹಾಗಾಗಿಯೇ ಉಜ್ಜುವ ಹಾಗಿರಲಿಲ್ಲ. ಇನ್‌ಸ್ಪೆಕ್ಟರ್ ಕಿರುಬೆರಳು ಹಾಕಿ ಸವರಿದರು. ಮಾತಾಡದೆ ನನಗೂ ಕೈ ತೋರಿಸಿದರು. ಬೆರಳಿಟ್ಟೆ. ಅಂಚೇ ಇಲ್ಲ! ಹಳೇ ಒರಳುಕಲ್ಲಿನ ಒಳಗೋಡೆಯ ಹಾಗೆ ನುಣ್ಣಗಿತ್ತು.

ಡಿಸ್‌ಕ್ವಾಲಿಫೈ. ಬಿಲ್ಲೂ ನನಗೇ. ‘ನಾನು ಎಂಜಿನ್ ಮುಟ್ಟೇ ಇಲ್ಲ’ ಅಂದೆ. ಅದಕ್ಕೆ ಬೆಲೆಯಿಲ್ಲ. ಕಾರು ಯಾರ ಹೆಸರಲ್ಲಿ ಎಂಟ್ರಿ ಆಗಿದೆಯೋ ಅವರೇ ಹೊಣೆ. ಮಾರಿದವರಿಗೆ ಫೋನ್ ಮಾಡಿದರೆ, ‘ಹೆಡ್ ನನಗೂ ಹಾಗೇ ಬಂದಿದ್ದು’ ಅಂದರು.

ಅದೇ ವರ್ಷ ಅಕ್ಟೋಬರಿನಲ್ಲಿ ಲಗೂನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ನಡೆದ ಎಸ್‌ಸಿಸಿಎಯ ರಾಷ್ಟ್ರೀಯ ಚಾಂಪಿಯನ್‌ಶಿಪ್ ರನ್‌ಆಫ್ಸ್‌ನಲ್ಲಿ ಸ್ಪೆಕ್ ಮಿಯಾಟಾದ ಮುಂಚೂಣಿಯ ಹಲವರು ಸಿಲಿಂಡರ್ ಹೆಡ್ ಕೆಲಸದ ಕಾರಣಕ್ಕೇ ಡಿಸ್‌ಕ್ವಾಲಿಫೈ ಆದರು. ನನಗೆ ಸಮಾಧಾನವೇನೂ ಆಗಲಿಲ್ಲ, ಸ್ವಲ್ಪ ಆಯಿತು ಅನ್ನಿ.

ಕೊಳ್ಳುವ ಮುಂಚೆ ದುಡ್ಡು ಕೊಟ್ಟಾದರೂ, ಮಾರುವವರ ಗುರುತಿನವರಲ್ಲದ ಮೆಕ್ಯಾನಿಕ್ ಕೈಯಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ತರುವ ಕೊಳವೆ) ಬಿಚ್ಚಿಸಿ ಹೆಡ್ಡಿನ ಪೋರ್ಟ್ (ಗಾಳಿ ಹೋಗುವ ದಾರಿ) ಒಳಗೆ ನೋಡಿಸಿ. ಬರೀ ಕಂಪ್ರೆಷನ್ ಅಳೆದರೆ ಇದು ಸಿಗೋದಿಲ್ಲ. ಹೆಡ್ ಕೆಲಸ ಮಾಡಿದ ಮಷೀನ್ ಶಾಪ್ ಯಾವುದು ಕೇಳಿ, ಬಿಲ್ ಕೇಳಿ. ರೇಸಿನ ತಪಾಸಣೆಯಲ್ಲಿ ಫೇಲ್ ಆದರೆ ಖರ್ಚು ತಮ್ಮದು ಅಂತ ಬರೆದು ಕೊಡುತ್ತಾರಾ ಕೇಳಿ. ‘ಬರೆಯೋದೆಲ್ಲ ಯಾಕೆ’ ಅಂದರೆ ಅಲ್ಲಿಂದ ಹೊರಟುಬಿಡಿ. ನಿಯಮ ಆಗಾಗ ಬದಲಾಗುತ್ತದೆ, ನಾನು ಹೇಳಿದ್ದೂ ಹಳೇ ಮಾತು. ಈ ವರ್ಷದ ಪುಸ್ತಕವನ್ನೇ ನೋಡಿ.

ಆ ಹೆಡ್ ಇನ್ನೂ ನನ್ನ ಗ್ಯಾರೇಜಿನಲ್ಲಿದೆ. ಬಂದು ಬೆರಳಿಟ್ಟು ನೋಡಿ, ಕಾಫಿ ನಾನು ಕೊಡ್ತೀನಿ.